ಮೇಡಂ, ಸರ್ ಯಾವಾಗ ಬರ್ತಾರ್ರಿ?

ಮನೆ ಕಟ್ಟೋರ ಪ್ರಶ್ನೆಗಳಿಗೆ ಆರ್ಕಿಟೆಕ್ಟ್ ಆಗಿ ನಾನು ಉತ್ತರಿಸೋ ಈ ಅಂಕಣದಲ್ಲಿ ಕಳೆದ ತಿಂಗಳು ಪಾಯದ ಆಳದ ಬಗ್ಗೆ ಬರೆಯುತ್ತಾ ಸುಮ್ನೆ ಒಂದು ಸಾಲು ಸೇರಿಸಿದ್ದೆ: ಏಷ್ಯಾದ ಮೊದಲ ಮಹಿಳಾ ಆರ್ಕಿಟೆಕ್ಟ್ ಅನ್ನಿಸಿಕೊಂಡ ಶ್ರೀಲಂಕಾದ ಮಿನೆಟ್ ಡಿ ಸಿಲ್ವ ನಮ್ಮ ಬೆಂಗಳೂರಲ್ಲೂ ಕೆಲಸ ಮಾಡಿದ್ದರು ಅಂತ. ಪಾಯದ ಬಗ್ಗೆ ಒಬ್ಬರೂ ಕೇಳಲಿಲ್ಲ. ಬಂದ ಪತ್ರಗಳೆಲ್ಲ ಆ ಒಂದು ಸಾಲಿನ ಹಿಂದೆ ಬಿದ್ದಿವೆ. ಹಾಗಾಗಿ ಈ ಸಲ ವಾಸ್ತು, ಸಂಪು, ಸೆಪ್ಟಿಕ್ ಟ್ಯಾಂಕ್‌ಗೆ ರಜೆ. ಆ ಪ್ರಶ್ನೆ ಕಳಿಸಿದವರು ಒಂದು ತಿಂಗಳು ತಡೆದುಕೊಳ್ಳಿ.

ಪ್ರಶ್ನೆ: ಕೆಎಎಸ್‌ಗೆ ಓದುತ್ತಿದ್ದೇನೆ. ಮೊದಲ ಮಹಿಳಾ ಆರ್ಕಿಟೆಕ್ಟ್ ಯಾರು ಎಂಬುದಕ್ಕೆ ಒಂದು ಗೈಡಿನಲ್ಲಿ ಒಂದು ಹೆಸರು, ಇನ್ನೊಂದರಲ್ಲಿ ಇನ್ನೊಂದು. ನೀವು ಮೂರನೇ ಹೆಸರು ಹೇಳಿದ್ದೀರಿ. ಯಾವುದನ್ನು ಬರೆಯಬೇಕು?
— ಓದುಗ, ಬೀದರ್

ಪ್ರಶ್ನೆ ಹೇಗೆ ಕೇಳಿದ್ದಾರೆ ನೋಡಿ ಬರೆಯಿರಿ. ಭಾರತದಲ್ಲಿ ಆರ್ಕಿಟೆಕ್ಚರ್ ಓದಿ ಪಾಸಾದ ಮೊದಲ ಮಹಿಳೆ ಅಂದರೆ ಪೆರಿನ್ ಜಮ್ಶೇಟ್‌ಜಿ ಮಿಸ್ತ್ರಿ. ಮುಂಬೈನ ಪಾರ್ಸಿ ಹೆಣ್ಣುಮಗಳು, ಹುಟ್ಟಿದ್ದು 1913ರಲ್ಲಿ, ಅಲ್ಲಿಯ ಕಲಾ ಶಾಲೆ ಜೆ.ಜೆ. ಸ್ಕೂಲ್‌ನಿಂದ ಡಿಪ್ಲೊಮಾ ಪಡೆದಿದ್ದು 1936ರಲ್ಲಿ. ಅಪ್ಪನ ಕಂಪನಿಯಲ್ಲೇ ಪಾರ್ಟ್ನರ್ ಆದರು. ಬ್ರಿಟನ್ನಿನ ಆರ್ಕಿಟೆಕ್ಟ್‌ಗಳ ಸಂಸ್ಥೆಯಾದ ರಾಯಲ್ ಇನ್‌ಸ್ಟಿಟ್ಯೂಟ್ ಸದಸ್ಯತ್ವ ಪಡೆದ ಏಷ್ಯಾದ ಮೊದಲ ಮಹಿಳೆ ಅಂದರೆ ಮಿನೆಟ್ ಡಿ ಸಿಲ್ವ, 1948. ನಿಮ್ಮ ಗೈಡಿನ ಇನ್ನೊಂದು ಹೆಸರು ಊರ್ಮಿಳಾ ಯೂಲಿ ಚೌಧರಿ ಇರಬೇಕು ಅಂದುಕೊಳ್ಳುತ್ತೇನೆ. ಚಂಡೀಗಢ ಕಟ್ಟುವಾಗ ಅದರ ಪ್ಲಾನ್ ಮಾಡಿದ ಆರ್ಕಿಟೆಕ್ಟ್ ಲ ಕಾರ್ಬೂಸಿಯೆ ತಂಡದಲ್ಲಿದ್ದವರು, ಮುಂದೆ ಪಂಜಾಬಿನ ಮುಖ್ಯ ಆರ್ಕಿಟೆಕ್ಟ್ ಆದವರು. ಕೆಲವರು ಏಷ್ಯಾದ ಮೊದಲಿಗರು ಅನ್ನೋ ಪಟ್ಟವನ್ನು ಅವರಿಗೂ ಕಟ್ಟುತ್ತಾರೆ.

ಒಂದು ಮಾತು ಹೇಳಲಾ? ಪರೀಕ್ಷೆಗೆ ಮೊದಲಿಗರು ಬೇಕು ನಿಜ, ಆದರೆ ಈ ಮೊದಲು ಅನ್ನೋದು ಬಸ್ಸಿನಲ್ಲಿ ಟವೆಲ್ ಹಾಕಿ ಸೀಟು ಹಿಡಿದ ಹಾಗೆ, ಯಾರು ಹಾಕಿದರು ಅಂತ ಜಗಳ ಮುಗಿಯೋದೇ ಇಲ್ಲ. ನನಗೆ ಅದಕ್ಕಿಂತ ಇಷ್ಟವಾಗಿದ್ದು, ಮಿನೆಟ್ ಮೊದಲು ಕೆಲಸ ಕಲಿಯೋಕೆ ಹೋಗಿ ಕೂತಿದ್ದು ಇದೇ ಮಿಸ್ತ್ರಿಯವರ ಆಫೀಸಿನಲ್ಲಿ. ಪೆರಿನ್, ಅವರ ಸಹೋದರ ಮೀನೂ, ಮಿನೆಟ್ ಮೂವರೂ ಗೆಳೆಯರಾದರು. ನಿಮ್ಮ ತಲೆಯಲ್ಲಿ ಜಗಳ ಆಡುತ್ತಿರುವ ಮೂರು ಹೆಸರುಗಳಲ್ಲಿ ಎರಡು ಒಂದೇ ಆಫೀಸಿನಲ್ಲಿ ಕೂತು ಕೆಲಸ ಮಾಡಿದ್ದವು!

ಪ್ರಶ್ನೆ: ಅಕ್ಕಾ, ನಾನು ಸೆಕೆಂಡ್ ಪಿಯು, ಸೈನ್ಸ್. ಆರ್ಕಿಟೆಕ್ಚರ್ ಓದ್ತೀನಿ ಅಂದ್ರೆ ಅಪ್ಪ "ಅದು ಗಂಡಸರ ಕೆಲಸ, ಗೌಂಡಿಗಳ ಜೊತೆ ಬಿಸಿಲಾಗ ನಿಲ್ಲೋದು" ಅಂತಾರೆ. ಮಿನೆಟ್ ಅವರ ಮನೆಯಲ್ಲೂ ಹೀಗೇ ಅಂದಿದ್ರಾ? ಅವರ ಬಗ್ಗೆ ಪೂರ್ತಿ ಬರೀರಿ.
— ವಿದ್ಯಾರ್ಥಿನಿ, ಸೇಡಂ

ತಂಗಿ, ಅಂದಿದ್ದರು. ಅದೂ ಎಂಥ ಮನೆ ಗೊತ್ತಾ? ಅಮ್ಮ ಆಗ್ನೆಸ್, ಸಿಲೋನಿನಲ್ಲಿ (ಶ್ರೀಲಂಕಾದ ಹಳೇ ಹೆಸರು) ಹೆಂಗಸರಿಗೂ ಓಟು ಬೇಕು ಅಂತ ಓಡಾಡಿದವರು, ಆ ಓಟು 1931ರಲ್ಲಿ ಸಿಕ್ಕಿತು ಕೂಡ. ಅಪ್ಪ ಜಾರ್ಜ್ ಡಿ ಸಿಲ್ವ ಕ್ಯಾಂಡಿಯ ದೊಡ್ಡ ರಾಜಕಾರಣಿ, ಮುಂದೆ ಮಂತ್ರಿ ಆದವರು. ಅಂಥ ಮನೆಯ ಮಗಳು 1918ರಲ್ಲಿ ಹುಟ್ಟಿ, ದೊಡ್ಡವಳಾಗಿ "ಆರ್ಕಿಟೆಕ್ಟ್ ಆಗ್ತೀನಿ" ಅಂದಾಗ ಅಪ್ಪನನ್ನು ಒಪ್ಪಿಸೋಕೆ ಒದ್ದಾಡಬೇಕಾಯಿತು. ಹಾಗಾಗಿ ನಿಮ್ಮ ಅಪ್ಪನ ಮೇಲೆ ಜಾಸ್ತಿ ಸಿಟ್ಟು ಬೇಡ.

ಆಗ ಸಿಲೋನಿನಲ್ಲಿ ಆರ್ಕಿಟೆಕ್ಚರ್ ಕಲಿಸೋ ಶಾಲೆಯೇ ಇರಲಿಲ್ಲ. ಹುಡುಗಿ ಮುಂಬೈಗೆ ಬಂದಳು. ಆಫೀಸಿನಲ್ಲಿ ಕಲಿತು, ಖಾಸಗಿ ಕ್ಲಾಸಿಗೆ ಹೋಗಿ, ಕಡೆಗೆ ಜೆ.ಜೆ. ಸ್ಕೂಲ್ ಸೇರಿದಳು. ಅಷ್ಟರಲ್ಲಿ 1942, ಕ್ವಿಟ್ ಇಂಡಿಯಾ. ಗಾಂಧೀಜಿಯನ್ನು ಬಿಡುಗಡೆ ಮಾಡಿ ಅಂತ ವಿದ್ಯಾರ್ಥಿಗಳು ಬೀದಿಗಿಳಿದಾಗ ಇವಳೂ ಹೋದಳು. ಶಾಲೆಯವರು ತಪ್ಪೊಪ್ಪಿಗೆ ಬರೆದುಕೊಡು ಅಂದರು. ಬರೆಯಲಿಲ್ಲ. ಹೆಸರು ಹೊಡೆದು ಹಾಕಿದರು.

ಈಗ ಬೆಂಗಳೂರಿನ ಕಥೆ. ಒಟ್ಟೊ ಕೋನಿಗ್ಸ್‌ಬರ್ಗರ್ ಅಂತ ಒಬ್ಬರಿದ್ದರು, ಹಿಟ್ಲರನ ಕಾಲದಲ್ಲಿ ಜರ್ಮನಿ ಬಿಟ್ಟು ಬಂದ ಯಹೂದಿ, 1939ರಿಂದ ಮೈಸೂರು ಸಂಸ್ಥಾನದ ಮುಖ್ಯ ಆರ್ಕಿಟೆಕ್ಟ್. ಬೆಂಗಳೂರಿನ ಐಐಎಸ್‌ಸಿಯಲ್ಲಿ ಅವರು ಮಾಡಿದ ಕಟ್ಟಡಗಳು ಇವತ್ತಿಗೂ ಇವೆ. ಶಾಲೆಯಿಂದ ಹೊರಬಿದ್ದ ಮಿನೆಟ್ ಇವರ ಆಫೀಸಿನಲ್ಲಿ ಕೆಲಸಕ್ಕೆ ಸೇರಿದರು. ಟಾಟಾದವರ ಜಮ್ಷೆಡ್‌ಪುರ ಊರಿನ ಪ್ಲಾನ್ ಆಗ ಅಲ್ಲಿ ತಯಾರಾಗುತ್ತಿತ್ತು, ಅದರಲ್ಲಿ ಇವರ ಕೈಯೂ ಇದೆ. (ಆಗ ನಮ್ಮ ಕಲಬುರಗಿ ನಿಜಾಮರ ಕೈಯಲ್ಲಿ, ಬೆಂಗಳೂರು ಮೈಸೂರು ಒಡೆಯರ ಕೈಯಲ್ಲಿ. ನಮಗೆ ಬೆಂಗಳೂರು ಅಂದರೆ ಬೇರೆ ರಾಜ್ಯ. ಆ ಹುಡುಗಿಗೆ ಮಾತ್ರ ಸಮುದ್ರ ದಾಟಿ ಬಂದರೂ ದೂರ ಅನ್ನಿಸಲಿಲ್ಲ ನೋಡಿ.)

ಆಮೇಲೆ ಲಂಡನ್ನು. ಯುದ್ಧ ಮುಗಿದ ಹೊಸತು. ಅಲ್ಲಿ ಓದು ಮುಗಿಸಿ 1948ರಲ್ಲಿ ರಾಯಲ್ ಇನ್‌ಸ್ಟಿಟ್ಯೂಟ್ ಸದಸ್ಯೆ ಆದರು. ಅದರ ಹಿಂದಿನ ವರ್ಷ ಇಂಗ್ಲೆಂಡಿನ ಬ್ರಿಡ್ಜ್‌ವಾಟರ್ ಅನ್ನೋ ಊರಲ್ಲಿ ಯುರೋಪಿನ ದೊಡ್ಡ ದೊಡ್ಡ ಆರ್ಕಿಟೆಕ್ಟ್‌ಗಳ ಸಮ್ಮೇಳನ ನಡೆದಿತ್ತು, ಅಲ್ಲಿಗೂ ಹೋಗಿದ್ದರು. ಕೋಟು ಹಾಕಿದ ಗಂಡಸರ ನಡುವೆ ಸೀರೆ ಉಟ್ಟ ಒಬ್ಬ ಹುಡುಗಿ. ಮುಂಬೈನಲ್ಲಿ ಶುರುವಾದ ಮಾರ್ಗ್ ಅನ್ನೋ ಕಲಾ ಪತ್ರಿಕೆಯ ಸ್ಥಾಪಕರಲ್ಲೂ ಇವರ ಹೆಸರಿದೆ, ಅದು 1946ರ ಮಾತು. ಇಷ್ಟೆಲ್ಲ ಆದಾಗ ವಯಸ್ಸು ಮೂವತ್ತರ ಆಸುಪಾಸು.

ಇಷ್ಟು ಕಲಿತ ಮೇಲೆ ಲಂಡನ್ನಿನಲ್ಲೇ ಉಳಿಯಬಹುದಿತ್ತು ಅಲ್ವಾ? ಊರಿಗೆ ವಾಪಸ್ ಬಂದರು. ಕ್ಯಾಂಡಿಯಲ್ಲಿ ಅಪ್ಪನ ಮನೆಯಲ್ಲೇ ಆಫೀಸು. ಮೊದಲ ಕೆಲಸ, ಅಪ್ಪ ಅಮ್ಮನ ಸ್ನೇಹಿತರಾದ ಕರುಣಾರತ್ನೆ ಅವರ ಮನೆ, 1949ರಿಂದ 51ರವರೆಗೆ. ಜಾಗ ಗುಡ್ಡದ ಇಳಿಜಾರು. ಸಮ ಮಾಡೋಕೆ ಹೋಗಲಿಲ್ಲ, ಇಳಿಜಾರಿಗೆ ತಕ್ಕ ಹಾಗೆ ಮನೆಯನ್ನೇ ಮೇಲೆ ಕೆಳಗೆ ಮಾಡಿ ಕೂರಿಸಿದರು. ಹೀಗೆ ಕಟ್ಟಿದರೆ ನಿಲ್ಲುತ್ತಾ ಅಂತ ಅನುಮಾನ ಪಟ್ಟವರು ಬೇಕಾದಷ್ಟು ಜನ. ಕಾಂಕ್ರೀಟು, ಗಾಜು ಎಲ್ಲ ಹೊಸ ಕಾಲದ್ದು, ಆದರೆ ಬಾಗಿಲಿಗೆ ಬಂದಿದ್ದು ದುಂಬರಾ ಅನ್ನೋ ಕಡೆ ನಾರಿನಲ್ಲಿ ನೇಯೋ ಚಾಪೆ. ನೆಲದ ಮೇಲೆ ಹಾಸೋ ಚಾಪೆಯನ್ನು ಬಾಗಿಲಿನ ಹಲಗೆಯಲ್ಲಿ ಕೂರಿಸಿದರು. ಸುಟ್ಟ ಮಣ್ಣಿನ ಬಿಲ್ಲೆಗಳ ಮೇಲೆ ಅಲ್ಲಿಯ ನೃತ್ಯದ ಚಿತ್ರಗಳು. ಹಾಲಿನ ಗೋಡೆಗೆ ಜಾರ್ಜ್ ಕೀಟ್ ಅನ್ನೋ ದೊಡ್ಡ ಚಿತ್ರಕಾರ ಚಿತ್ರ ಬರೆದುಕೊಟ್ಟರು.

ನಿಮ್ಮ ಅಪ್ಪ ಹೇಳಿದ ಬಿಸಿಲು ಸುಳ್ಳಲ್ಲ. ನಾನು ಕೆಲಸ ಶುರು ಮಾಡಿದಾಗ ಕಲಬುರಗಿಯ ಒಂದು ಸೈಟಿಗೆ ಮೇ ತಿಂಗಳಲ್ಲಿ ಹೋದೆ. 43 ಡಿಗ್ರಿ. ಗೌಂಡಿಗಳು ತಲೆಗೆ ಟವೆಲ್ ಸುತ್ತಿಕೊಂಡು ನೆರಳಿಗೆ ಕೂತಿದ್ದರು. ಒಬ್ಬ ಮುದುಕಪ್ಪ ನನಗೆ ನೀರು ಕೊಟ್ಟು ಬಹಳ ಮರ್ಯಾದೆಯಿಂದ ಕೇಳಿದ: "ಮೇಡಂ, ಸರ್ ಯಾವಾಗ ಬರ್ತಾರ್ರಿ?" ನಾನೇ ಸರ್ ಅಂದೆ. ನಗಲಿಲ್ಲ ಅವನು. ನೆಲಕ್ಕೆ ಹಾಸೋ ಒಂದು ಪರಸಿ ಕಲ್ಲು ಎತ್ತಿ ಗೋಡೆಗೆ ಒರಗಿಸಿ, ಸುತ್ತಿಗೆ ಹಿಡಿಯಿಂದ ಟಣ್ ಅಂತ ತಟ್ಟಿದ. ಪಕ್ಕದ್ದನ್ನು ತಟ್ಟಿದ, ಅದು ಡಬ್ ಅಂತು. "ಯಾವುದು ಹಾಕಲ್ರಿ?" ಅಂದ. ಪರೀಕ್ಷೆ ಅದು. ಡಬ್ ಅನ್ನೋದರಲ್ಲಿ ಒಳಗೆ ಬಿರುಕಿರುತ್ತೆ ಅಂತ ನನಗೆ ಗೊತ್ತಿದ್ದಿದ್ದು ಕಾಲೇಜಿನಿಂದಲ್ಲ, ನಮ್ಮ ಅಜ್ಜಿ ಮಡಕೆ ಕೊಳ್ಳುವಾಗ ಹಾಗೇ ತಟ್ಟಿ ನೋಡುತ್ತಿದ್ದರು. ಟಣ್ ಅನ್ನೋದನ್ನು ತೋರಿಸಿದೆ. ಅವತ್ತಿನಿಂದ ಸರ್ ಎಲ್ಲಿ ಅಂತ ಕೇಳಲಿಲ್ಲ.

ಪ್ರಶ್ನೆ: ನಂದು 30×40 ಸೈಟ್. ನಮ್ಮ ಗೌಂಡಿನೇ ಪ್ಲಾನ್ ಹಾಕ್ತಾನೆ. ಆರ್ಕಿಟೆಕ್ಟಿಗೆ ಯಾಕೆ ದುಡ್ಡು ಕೊಡಬೇಕು? ನೀವು ಹೇಳೋ ಮಿನೆಟ್ ಅಂಥವರು ಶ್ರೀಮಂತರ ಬಂಗಲೆ ಕಟ್ಟಿದವರು. ನಮ್ಮಂಥವರಿಗೆ ಅವರಿಂದ ಏನು?
— ಓದುಗ, ಯಾದಗಿರಿ

ಅಣ್ಣಾ, ಬಂಗಲೆ ಕಟ್ಟಿದ್ದು ನಿಜ. ಕೊಲಂಬೊದಲ್ಲಿ ಪಿಯೆರಿಸ್ ಅವರ ಮನೆ ಅಂತೂ ಪಕ್ಕಾ ಶ್ರೀಮಂತರದ್ದು. ಆದರೆ ಅವರ ಕೆಲಸಗಳಲ್ಲಿ ನನಗೆ ದೊಡ್ಡದು ಅನ್ನಿಸೋದು ಅದಲ್ಲ. ಕ್ಯಾಂಡಿ ಹತ್ತಿರ ವಾಟಪುಲುವ ಅನ್ನೋ ಕಡೆ ಸರ್ಕಾರಿ ನೌಕರರಿಗೆ ಸುಮಾರು 250 ಮನೆ, 1958ರ ಹೊತ್ತಿಗೆ ಆಗಿದ್ದು. ಸಂಬಳ ಬೇರೆ ಬೇರೆ, ಜಾತಿ ಧರ್ಮ ಬೇರೆ ಬೇರೆ. ಬೇರೆಯವರಾಗಿದ್ದರೆ ಒಂದು ಪ್ಲಾನ್ ಬರೆದು 250 ಸಲ ಅಚ್ಚು ಹೊಡೆಯುತ್ತಿದ್ದರು. ನಮ್ಮ ಹೌಸಿಂಗ್ ಕಾಲೊನಿಗಳು ಹಾಗೇ ಅಲ್ವಾ, ರಾತ್ರಿ ಕರೆಂಟ್ ಹೋದರೆ ಪಕ್ಕದ ಮನೆಗೆ ಹೊಕ್ಕರೂ ಗೊತ್ತಾಗಲ್ಲ. ಮಿನೆಟ್ ಏನು ಮಾಡಿದರು ಅಂದರೆ, ಗೆರೆ ಎಳೆಯೋ ಮೊದಲು ಪ್ರಶ್ನೆ ಪಟ್ಟಿ ಮಾಡಿ ಮನೆ ಬೇಕಾದವರ ಕೈಗೆ ಕೊಟ್ಟರು. ಕೂರಿಸಿಕೊಂಡು ಮಾತಾಡಿದರು. ಹೇಗೆ ಬದುಕುತ್ತೀರಿ, ಎಷ್ಟು ದುಡ್ಡಿದೆ, ಏನು ಬೇಕು. ಅದರ ಮೇಲೆ ಕೆಲವು ಮಾದರಿ ಮನೆ ಮಾಡಿ, ಅವರವರಿಗೆ ಬೇಕಾದಂತೆ ಬದಲಿಸಿಕೊಳ್ಳೋಕೆ ಬಿಟ್ಟರು. ಗುಡ್ಡ, ಮರ ಉಳಿಸಿಕೊಂಡು ಮನೆ ಕೂರಿಸಿದರು. ಇವತ್ತು ಇದನ್ನೇ ಸೆಮಿನಾರುಗಳಲ್ಲಿ ದೊಡ್ಡ ಹೆಸರಿಟ್ಟು ಹೇಳುತ್ತಾರೆ.

ನಿಮ್ಮ ಗೌಂಡಿ ಕೆಟ್ಟವನು ಅಂತ ನಾನು ಹೇಳಲ್ಲ. ಗೋಡೆ ಕಟ್ಟೋದು ನನಗಿಂತ ಅವನಿಗೇ ಚೆನ್ನಾಗಿ ಗೊತ್ತು. ಆದರೆ ಅವನು ನಿಮ್ಮ ಮನೆಯ ಹೆಣ್ಣುಮಕ್ಕಳನ್ನು ಏನಾದರೂ ಕೇಳಿದ್ದಾನಾ? ನೀವು ಕೇಳಿದ್ದೀರಾ?

ನಾನೂ ಕೇಳಿರಲಿಲ್ಲ, ಅದಕ್ಕೇ ಹೇಳುತ್ತಿದ್ದೇನೆ. ಯಾದಗಿರಿಯಲ್ಲೇ ಒಂದು ಮನೆ ಮಾಡಿದ್ದೆ. ಅಡುಗೆಮನೆಗೆ ಗ್ರಾನೈಟ್ ಕಟ್ಟೆ, 34 ಇಂಚು ಎತ್ತರ, ಪುಸ್ತಕದಲ್ಲಿರೋ ಹಾಗೆ. ಗೃಹಪ್ರವೇಶ ಆಗಿ ಆರು ತಿಂಗಳಿಗೆ ಚಹಾ ಕುಡಿಯೋಕೆ ಕರೆದರು. ಹೋಗಿ ನೋಡಿದರೆ ಆ ಮನೆಯ ಹಿರಿಯ ಅಮ್ಮ ಹಿತ್ತಲ ಬಾಗಿಲ ಹತ್ತಿರ ನೆಲದ ಮೇಲೆ ಕೂತು ರೊಟ್ಟಿ ಬಡಿಯುತ್ತಿದ್ದಾರೆ. ಎದುರಿಗೆ ಒಂದು ಪರಸಿ ತುಂಡು, ಪಕ್ಕದಲ್ಲಿ ಇಟ್ಟಿಗೆ ಮೇಲೆ ಕೂರಿಸಿದ ಸಣ್ಣ ಒಲೆ, ಹಂಚು. "ಆ ಕಟ್ಟಿ ಮ್ಯಾಲೆ ನಿಂತು ಬಡದರ ರಟ್ಟಿ ಸೋಲ್ತಾವವ್ವಾ, ಹಿಟ್ಟಿನ ಮ್ಯಾಲೆ ಭಾರ ಬೀಳಂಗಿಲ್ಲ" ಅಂದರು. ಜೋಳದ ರೊಟ್ಟಿಗೆ ಕೈಯ ಭಾರ ಮೇಲಿಂದ ಬೀಳಬೇಕು. ಕಟ್ಟೆ ಎತ್ತರ ಆದರೆ ಬರೀ ಭುಜ ನೋಯುತ್ತೆ. ದಿನಾ ಇಪ್ಪತ್ತು ರೊಟ್ಟಿ ಬಡಿಯೋ ಮನೆಗೆ ನಾನು ಬ್ರೆಡ್ ತಿನ್ನೋರ ಅಡುಗೆಮನೆ ಮಾಡಿಕೊಟ್ಟಿದ್ದೆ! ಲಕ್ಷಗಟ್ಟಲೆ ಖರ್ಚು ಮಾಡಿಸಿ, ಎಪ್ಪತ್ತು ವರ್ಷದ ಅಮ್ಮನನ್ನು ಬಾಗಿಲ ಸಂದಿಯಲ್ಲಿ ಕೂರಿಸಿದ್ದೆ.

ಅಲ್ಲಿಂದ ಮುಂದೆ ನನ್ನ ಪ್ರಶ್ನೆ ಪಟ್ಟಿಯಲ್ಲಿ ಮೊದಲನೇದು: ರೊಟ್ಟಿ ಯಾರು ಬಡಿಯುತ್ತಾರೆ, ಕೂತಾ ನಿಂತಾ? ಕೂತು ಅಂದರೆ ಕಿಟಕಿ ಕೆಳಗೆ ಒಂದು ತಗ್ಗು ಕಟ್ಟೆ, ಅದಕ್ಕೆ ಪರಸಿ, ಹೊಗೆ ಹೋಗೋಕೆ ದಾರಿ, ಬೆನ್ನಿಗೆ ಗೋಡೆ. ಇದಕ್ಕೆ ಖರ್ಚು ಏನೂ ಇಲ್ಲ. ನಿಮ್ಮ ಗೌಂಡಿ ಇದನ್ನು ಕೇಳಿ ಮಾಡುತ್ತಾನೆ ಅಂದರೆ ನನ್ನ ಫೀಸು ಖಂಡಿತ ಉಳಿಸಿಕೊಳ್ಳಿ. ಕಾಲಂ, ಸ್ಲ್ಯಾಬ್‌ಗೆ ಮಾತ್ರ ಒಬ್ಬ ಎಂಜಿನಿಯರ್‌ಗೆ ತೋರಿಸಿ, ಅದರಲ್ಲಿ ಜುಗ್ಗತನ ಬೇಡ.

ಪ್ರಶ್ನೆ: ಮಿನೆಟ್ ಕ್ಯಾಂಡಿಯ ಕುಶಲಕರ್ಮಿಗಳನ್ನು ಮನೆ ಕೆಲಸಕ್ಕೆ ಕರೆಸಿಕೊಂಡ ಹಾಗೆ, ನಮ್ಮ ಮನೆ ಬಾಗಿಲಿಗೆ ಬಿದ್ರಿ ಹಿಡಿಕೆ ಹಾಕಿಸಬಹುದಾ? ನೋಡೋಕೆ ಚಂದ ಇರುತ್ತೆ ಅಲ್ವಾ?
— ಗೃಹಿಣಿ, ಬೀದರ್

ಚಂದ ಇರುತ್ತೆ, ಆರು ತಿಂಗಳು. ಇದನ್ನೂ ನಾನು ಮಾಡಿ ಕೈ ಸುಟ್ಟುಕೊಂಡಿದ್ದೇನೆ. ಬಿದ್ರಿಯಲ್ಲಿ ಸತು ಜಾಸ್ತಿ, ಸ್ವಲ್ಪ ತಾಮ್ರ. ಅದಕ್ಕೆ ಬೆಳ್ಳಿ ಕೂರಿಸಿ, ಕಡೆಗೆ ನಿಮ್ಮ ಕೋಟೆ ಮಣ್ಣು ನವಸಾಗರದ ಜೊತೆ ಕುದಿಸಿ ತಿಕ್ಕುತ್ತಾರೆ. ಲೋಹ ಕಪ್ಪಾಗುತ್ತೆ, ಬೆಳ್ಳಿ ಬೆಳ್ಳಗೇ ಉಳಿಯುತ್ತೆ. ಆ ಕಪ್ಪು ಬರೀ ಮೇಲಿನ ಪದರ. ದಿನಾ ಹತ್ತು ಬೆವರಿನ ಕೈ ಮುಟ್ಟಿದರೆ ಮಾಸದೆ ಏನು ಮಾಡುತ್ತೆ? ಹಿಡಿಕೆ ಮಾಡಿಕೊಟ್ಟ ಕೆಲಸಗಾರನ ಹತ್ತಿರ ವಾಪಸ್ ಒಯ್ದಾಗ ಅವನು ಎಣ್ಣೆ ಹಚ್ಚಿ ಒರೆಸುತ್ತಾ "ಮೇಡಂ, ಇದು ಕಣ್ಣಿಗೆ ಮಾಡಿದ್ದು, ಕೈಗಲ್ಲ" ಅಂದ. ಮೊದಲೇ ಅವನನ್ನು ಕೇಳಿದ್ದರೆ ಹೇಳುತ್ತಿದ್ದ.

ನಿಮಗೆ ಬೇಕೇಬೇಕು ಅಂದರೆ ಬಾಗಿಲ ಪಕ್ಕದ ಗೂಡಿನ ಹಿಂದೆ, ಕೈ ತಾಗದ ಎತ್ತರದಲ್ಲಿ ಒಂದು ಬಿಲ್ಲೆ ಕೂರಿಸಿ. ಕೆಂಪು ಜಂಬಿಟ್ಟಿಗೆ ಗೋಡೆ ಇದ್ದರೆ ಇನ್ನೂ ಒಳ್ಳೇದು, ಕೆಂಪಿನ ಮೇಲೆ ಕಪ್ಪು ಬೆಳ್ಳಿ ಎದ್ದು ಕಾಣುತ್ತೆ. ಹೇಗಿರುತ್ತೆ ನೋಡಬೇಕಾದರೆ ಕೋಟೆಯ ರಂಗೀನ್ ಮಹಲ್‌ಗೆ ಒಂದು ಸಲ ಹೋಗಿ ಬನ್ನಿ. ಅಲ್ಲಿ ಕಪ್ಪು ಕಲ್ಲಿನಲ್ಲಿ ಮುತ್ತಿನ ಚಿಪ್ಪು ಕೂರಿಸಿದ್ದಾರೆ. ಬೀದರಿನವರೇ ಎಷ್ಟೋ ಜನ ಅದನ್ನು ನೋಡಿಲ್ಲ ಅನ್ನೋದು ನನ್ನ ಅನುಮಾನ.

ಪ್ರಶ್ನೆ: ಇಷ್ಟು ಕೆಲಸ ಮಾಡಿದವರ ಹೆಸರು ನಾವು ಯಾಕೆ ಕೇಳಿಲ್ಲ? ಶ್ರೀಲಂಕಾ ಅಂದರೆ ಎಲ್ಲರೂ ಜೆಫ್ರಿ ಬಾವಾ ಅಂತಾರಲ್ಲ?
— ಸಿವಿಲ್ ಎಂಜಿನಿಯರ್, ಶಹಾಬಾದ್

ಬಾವಾ ದೊಡ್ಡವರೇ, ಅದರಲ್ಲಿ ಎರಡು ಮಾತಿಲ್ಲ. ಆದರೆ ಅವರು ಆರ್ಕಿಟೆಕ್ಟ್ ಆಗಿ ಕೆಲಸಕ್ಕೆ ಇಳಿದಿದ್ದು 1957ರಲ್ಲಿ. ಅಷ್ಟರಲ್ಲಿ ಮಿನೆಟ್ ಅಂಗಳದ ಮನೆ, ಹೊಸ ಕಾಂಕ್ರೀಟಿನ ಜೊತೆ ಹಳೇ ಕೈಕೆಲಸ ಎಲ್ಲ ಮಾಡಿ ತೋರಿಸಿ ಅದಕ್ಕೆ ಹೆಸರನ್ನೂ ಇಟ್ಟಿದ್ದರು. ಆಧುನಿಕ, ಆದರೆ ಊರಿನದು ಅನ್ನೋ ಅರ್ಥದ ಹೆಸರು. 1980ರ ದಶಕದಲ್ಲಿ ಪಶ್ಚಿಮದ ವಿದ್ವಾಂಸರು ಹೆಚ್ಚುಕಮ್ಮಿ ಇದೇ ವಿಚಾರಕ್ಕೆ ಇನ್ನೊಂದು ಹೆಸರಿಟ್ಟಾಗ ಇವರನ್ನು ನೆನೆದವರು ಕಡಿಮೆ.

ಕಾರಣ ಬರೀ ಹೆಣ್ಣು ಅನ್ನೋದು ಮಾತ್ರ ಅಂದರೆ ಅರ್ಧ ಸತ್ಯ. ಬಾವಾ ಹತ್ತಿರ ದೊಡ್ಡ ತಂಡ ಇತ್ತು, ಹೋಟೆಲು, ಪಾರ್ಲಿಮೆಂಟಿನಂಥ ಕೆಲಸ ಬಂದವು. ಮಿನೆಟ್ ಹೆಚ್ಚುಕಮ್ಮಿ ಒಬ್ಬರೇ. ಅರವತ್ತರ ದಶಕದಲ್ಲಿ ಬಹಳ ಕಾಲ ದೇಶ ಸುತ್ತಿದರು, 1975ರಿಂದ 79ರವರೆಗೆ ಹಾಂಗ್‌ಕಾಂಗ್‌ನಲ್ಲಿ ಪಾಠ ಮಾಡಿದರು. ಅಷ್ಟು ವರ್ಷ ಊರು ಬಿಟ್ಟರೆ ಕೆಲಸ ಕೊಡೋರು ಕಾಯುತ್ತಾ ಕೂತಿರಲ್ಲ ಅನ್ನೋದು ನಿಮಗೂ ಗೊತ್ತು. ಆದರೆ ಒಬ್ಬರೇ ಯಾಕಿದ್ದರು ಅಂತ ಕೇಳಿದರೆ ಮತ್ತೆ ಹೆಣ್ಣು ಅನ್ನೋ ಮಾತಿಗೇ ಬರಬೇಕಾಗುತ್ತೆ. ಲಂಕೆಯ ಆರ್ಕಿಟೆಕ್ಟ್‌ಗಳ ಸಂಸ್ಥೆ ಚಿನ್ನದ ಪದಕ ಕೊಟ್ಟಿದ್ದು 1996ರಲ್ಲಿ, ಆಗ ವಯಸ್ಸು 78. 1998ರಲ್ಲಿ ಕ್ಯಾಂಡಿಯಲ್ಲೇ ತೀರಿಕೊಂಡರು. ಅವರು ಕಟ್ಟಿದ್ದರಲ್ಲಿ ಹಲವು ಇವತ್ತು ಇಲ್ಲ ಅಥವಾ ಹಾಳು ಬಿದ್ದಿವೆ.

ಪ್ರಶ್ನೆ: ಮಗಳು ಆರ್ಕಿಟೆಕ್ಚರ್ ಅಂತ ಹಟ ಹಿಡಿದಿದ್ದಾಳೆ. ನನಗೆ ಇಷ್ಟವೇ, ಆದರೆ ಎಷ್ಟು ವರ್ಷ, ಯಾವ ಪರೀಕ್ಷೆ ಒಂದೂ ಗೊತ್ತಿಲ್ಲ. ಸೈಟಿನಲ್ಲಿ ಹೆಣ್ಣುಮಗು ಒಬ್ಬಳೇ ಹೇಗೆ ಅಂತಾನೂ ಚಿಂತೆ.
— ಶಾಲಾ ಶಿಕ್ಷಕಿ, ಕಲಬುರಗಿ

ಟೀಚರಮ್ಮಾ, ಬಿ.ಆರ್ಕ್ ಐದು ವರ್ಷ. ಎಂಜಿನಿಯರಿಂಗ್‌ಗಿಂತ ಒಂದು ವರ್ಷ ಜಾಸ್ತಿ, ಅದರಲ್ಲಿ ಆಫೀಸಿನಲ್ಲಿ ಕೂತು ಕಲಿಯೋ ಟ್ರೇನಿಂಗೂ ಸೇರಿದೆ. ಪಿಯುಸಿಯಲ್ಲಿ ಗಣಿತ ಇರಲೇಬೇಕು. ಜೊತೆಗೆ ನಾಟಾ ಅನ್ನೋ ಪರೀಕ್ಷೆ ಬರೆಯಬೇಕು, ಅದರಲ್ಲಿ ಚಿತ್ರ ಬಿಡಿಸೋದೂ ಇರುತ್ತೆ, ಹಾಗಾಗಿ ಈಗಿನಿಂದಲೇ ಪೆನ್ಸಿಲ್ ಹಿಡಿಸಿ. ನಮ್ಮ ಕಲ್ಯಾಣ ಕರ್ನಾಟಕ ಭಾಗದವರು ಮೀಸಲಾತಿಗೆ ಬೇಕಾದ 371ಜೆ ಸರ್ಟಿಫಿಕೇಟ್ ಮರೆಯಬೇಡಿ. ಇಲ್ಲಿಯ ಕಾಲೇಜುಗಳಲ್ಲಿ ಸ್ಥಳೀಯರಿಗೆ ನೂರಕ್ಕೆ 70, ರಾಜ್ಯದ ಬೇರೆ ಕಡೆ ನೂರಕ್ಕೆ 8 ಸೀಟು. ಕೌನ್ಸೆಲಿಂಗ್ ಹಿಂದಿನ ದಿನ ಸರ್ಕಾರಿ ಆಫೀಸಿಗೆ ಓಡೋದು ಬೇಡ, ಮೊದಲೇ ಮಾಡಿಸಿ ಇಟ್ಟುಕೊಳ್ಳಿ. ಓದು ಮುಗಿದ ಮೇಲೆ ಆರ್ಕಿಟೆಕ್ಚರ್ ಕೌನ್ಸಿಲ್‌ನಲ್ಲಿ ನೋಂದಣಿ ಮಾಡಿಸಬೇಕು. 1972ರ ಕಾಯ್ದೆ ಪ್ರಕಾರ ನೋಂದಣಿ ಇಲ್ಲದವರು ಆರ್ಕಿಟೆಕ್ಟ್ ಅಂತ ಬೋರ್ಡ್ ಹಾಕುವಂತಿಲ್ಲ. ಊರ ತುಂಬ ಬೋರ್ಡ್ ನೋಡಿ ಮೋಸ ಹೋಗಬೇಡಿ.

ಶುರುವಿನಲ್ಲಿ ಸಂಬಳ ಕಡಿಮೆ. ಇದನ್ನು ಮುಚ್ಚಿಟ್ಟು ಹೇಳಿದರೆ ನಾಳೆ ನೀವು ನನ್ನನ್ನೇ ಬೈಯುತ್ತೀರಿ. ಮೂರು ನಾಲ್ಕು ವರ್ಷ ಗಟ್ಟಿಯಾಗಿ ನಿಂತರೆ ಕೈ ಹತ್ತುತ್ತೆ.

ಸೈಟಿನ ಚಿಂತೆ ಬಗ್ಗೆ: ಅಲ್ಲಿ ಹೆಣ್ಣುಮಕ್ಕಳು ಮೊದಲಿಂದಲೂ ಇದ್ದಾರಲ್ಲ. ಜಲ್ಲಿ ಬುಟ್ಟಿ ಹೊರೋರು ಯಾರು, ಕ್ಯೂರಿಂಗ್‌ಗೆ ನೀರು ಹಾಕೋರು ಯಾರು? ನಮ್ಮ ಸೈಟಲ್ಲಿ ಅವರಿಗೆ ಶೌಚಾಲಯ ಇಲ್ಲ ಅಂತ ನನಗೆ ಹೊಳೆದಿದ್ದು ನನಗೇ ಬೇಕಾದಾಗ. ಆವತ್ತು ಬಹಳ ನಾಚಿಕೆ ಆಯಿತು. ಈಗ ಪಾಯ ತೆಗೆಯೋ ಮೊದಲೇ ತಗಡಿನದಾದರೂ ಒಂದು ಕಟ್ಟಿಸುತ್ತೇನೆ, ಮಾಲೀಕರು ಗೊಣಗಿದರೂ.

ಶಾಲೆ ರಜೆ ಇದ್ದಾಗ ಮಗಳನ್ನು ಕರೆದುಕೊಂಡು ಬನ್ನಿ. ಬೆಳಿಗ್ಗೆ ಏಳಕ್ಕೇ ಬನ್ನಿ, ಹತ್ತರ ಮೇಲೆ ನಿಲ್ಲೋಕಾಗಲ್ಲ. ಟೋಪಿ ಇರಲಿ, ಚಪ್ಪಲಿ ಬೇಡ, ಬೂಟು ಹಾಕಿಸಿ, ಮೊಳೆ ಬಿದ್ದಿರುತ್ತವೆ. ಆ ಮುದುಕಪ್ಪ ಈಗಲೂ ಕೆಲಸಕ್ಕೆ ಬರುತ್ತಾನೆ. ಅವಳ ಮುಂದೆಯೂ ಎರಡು ಪರಸಿ ನಿಲ್ಲಿಸುತ್ತಾನೆ, ಉತ್ತರ ಮೊದಲೇ ಹೇಳಿಕೊಡಬೇಡಿ.